ಯಾವುದು ದೊಡ್ಡದು ಎಂದು ಕೇಳುವ ಮುನ್ನ

ಮಗೂ,

"ದೊಡ್ಡಮ್ಮ, ವಿದ್ಯುತ್ ಬಲ ದೊಡ್ಡದಾ, ಕಾಂತಬಲ ದೊಡ್ಡದಾ?" ಎಂದು ನೀನು ಫೋನಿನಲ್ಲಿ ಕೇಳಿದೆ. ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಹೇಳಿದ್ದರೆ ನೀನು ಅದನ್ನು ನೋಟ್ಸಿನಲ್ಲಿ ಗೀಚಿಕೊಂಡು, ಸಿಇಟಿಯಲ್ಲಿ ಸರಿಯಾದ ಗುಂಡಿಗೆ ಶಾಯಿ ತುಂಬಿ, ಆಮೇಲೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿಯೇ ಕೂದಲು ನರೆತವಳು ನಾನು. ಈ ಪ್ರಶ್ನೆಗೆ ಸಿದ್ಧ ಉತ್ತರ ಕೊಟ್ಟರೆ ಮಕ್ಕಳಿಗೆ ಎಂಥ ಸೊಗಸು ತಪ್ಪಿಹೋಗುತ್ತದೆ ಎಂದು ಬಲ್ಲೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿಧಾನವಾಗಿ, ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲು ಇಟ್ಟುಕೊಂಡು ಓದು.

ನಿನ್ನ ಪುಸ್ತಕದಲ್ಲಿ ಆವೇಶಗಳ ನಡುವಿನ ಬಲ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಚಲಿಸುವ ಆವೇಶ, ಕಾಂತತ್ವ ಬರುವುದು ನಾಲ್ಕನೆಯದರಲ್ಲಿ. ನಡುವೆ ಎಷ್ಟೋ ವಾರಗಳ ಪಾಠ, ಟೆಸ್ಟು, ಹಬ್ಬದ ರಜೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಮೊದಲನೆಯದು ಮಸುಕಾಗಿರುತ್ತದೆ. ಕೊನೆಗೆ ಪರೀಕ್ಷೆಯ ಹಿಂದಿನ ರಾತ್ರಿ ಎರಡು ಕಾಲಂ ಎಳೆದು "ವ್ಯತ್ಯಾಸಗಳು" ಎಂದು ಬರೆದು ಉರು ಹೊಡೆಯುವುದು. ಆ ಪಟ್ಟಿಯಲ್ಲಿ ಇರುವುದೆಲ್ಲ ನಿಜವೇ. ಆದರೆ ಎರಡು ಬಲಗಳನ್ನು ಹೋಲಿಸಬೇಕಾದರೆ ಕೇಳಲೇಬೇಕಾದದ್ದು ಆ ಪಟ್ಟಿಯಲ್ಲಿ ಇರುವುದಿಲ್ಲ, ನಿನ್ನ ಪ್ರಶ್ನೆಯಲ್ಲೂ ಇರಲಿಲ್ಲ: ಎಷ್ಟು ವೇಗದಲ್ಲಿ? ಇದೊಂದನ್ನು ನಿನ್ನ ಕಿವಿಗೆ ಹಾಕುವುದೇ ಈ ಕಾಗದದ ಉದ್ದೇಶ.

ಮೊದಲು ಕಣ್ಣಿಗೆ ಕಾಣುವುದರಿಂದ ಶುರು ಮಾಡೋಣ. ಮಾಗಿಯ ಚಳಿಯಲ್ಲಿ, ಗಾಳಿ ಒಣಗಿರುವ ದಿನ, ಎಣ್ಣೆ ಹಚ್ಚದ ತಲೆಯನ್ನು ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಚೆನ್ನಾಗಿ ಬಾಚು. ನ್ಯೂಸ್‌ಪೇಪರನ್ನು ಅಕ್ಕಿಕಾಳಿನಷ್ಟು ಚೂರು ಮಾಡಿ ಮೇಜಿನ ಮೇಲೆ ಹರಡಿ, ಬಾಚಣಿಗೆಯನ್ನು ಮೆಲ್ಲಗೆ ಇಳಿಸುತ್ತ ಬಾ. ಚೂರುಗಳು ಮೊದಲು ಅಂಚಿನ ಮೇಲೆ ಎದ್ದು ನಿಲ್ಲುತ್ತವೆ, ಆಮೇಲೆ ಹಾರಿ ಅಂಟಿಕೊಳ್ಳುತ್ತವೆ. ಎಲ್ಲರೂ ಅಷ್ಟಕ್ಕೇ ಬಾಚಣಿಗೆ ಕೆಳಗಿಡುತ್ತಾರೆ. ನೀನು ಇನ್ನೂ ಸ್ವಲ್ಪ ಹೊತ್ತು ಹಿಡಿದು ನೋಡು. ಅಂಟಿದ್ದ ಚೂರುಗಳಲ್ಲಿ ಒಂದೆರಡು ಯಾರೋ ತಳ್ಳಿದ ಹಾಗೆ ಇದ್ದಕ್ಕಿದ್ದಂತೆ ಸಿಡಿದು ಬೀಳುತ್ತವೆ. ಬಾಚಣಿಗೆಯ ಆವೇಶದಲ್ಲಿ ಒಂದಿಷ್ಟು ಕಾಗದಕ್ಕೂ ಸೇರಿ, ಎರಡೂ ಸಜಾತಿಯಾಗಿ, ಆಕರ್ಷಣೆ ಹೋಗಿ ವಿಕರ್ಷಣೆ ಆಗಿದೆ. ಈಗ ಬಾಚಣಿಗೆಯ ಮೇಲೆ ಬಾಯಿಂದ ಬಿಸಿಯುಸಿರು ಬಿಡು. ತೇವ ತಗುಲಿ ಆಟ ಮುಗಿಯುತ್ತದೆ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತವನ್ನು ಅದೇ ಕಾಗದದ ಚೂರಿಗೆ ಹಿಡಿ. ಏನೂ ಆಗುವುದಿಲ್ಲ. ಗುಂಡುಪಿನ್ನಿಗೆ ಹಿಡಿ, ಟಕ್ಕನೆ ಅಂಟುತ್ತದೆ. ನೀರಲ್ಲಿ ಅದ್ದಿ ತೆಗೆದರೂ ಅಂಟುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಬರೆದ ಗ್ರಂಥದಲ್ಲಿ ಇದನ್ನೇ ಗಮನಿಸಿದ. ಉಜ್ಜಿದ ಅಂಬರು ಹಗುರವಾದ ವಸ್ತುಗಳನ್ನೆಲ್ಲ ಎಳೆಯುತ್ತದೆ, ತೇವಕ್ಕೆ ಸೋಲುತ್ತದೆ. ಕಾಂತಶಿಲೆ ಕಬ್ಬಿಣವನ್ನು ಮಾತ್ರ ಎಳೆಯುತ್ತದೆ, ತೇವಕ್ಕೆ ಜಗ್ಗುವುದಿಲ್ಲ. ಹಾಗಾಗಿ ಇವೆರಡೂ ಬೇರೆ ಬೇರೆ ಎಂದು ತೀರ್ಮಾನಿಸಿದ. ಅವನ ಕೈಲಿದ್ದ ಸಾಮಗ್ರಿಗೆ ಅದೇ ಸರಿಯಾದ ತೀರ್ಮಾನ. ಆ ತೀರ್ಮಾನ 220 ವರ್ಷ ಅಲ್ಲಾಡಲಿಲ್ಲ.

ಫ್ರಾನ್ಸಿನಲ್ಲಿ ಕೂಲಂಬ್ 1785ರಲ್ಲಿ ಸಣ್ಣ ಎಳೆಯೊಂದರ ತಿರುಚುವಿಕೆಯಿಂದ ಬಲ ಅಳೆಯುವ ಉಪಕರಣ ಕಟ್ಟಿ, ಆವೇಶಗಳ ನಡುವಿನ ಬಲವೂ ಕಾಂತಧ್ರುವಗಳ ನಡುವಿನ ಬಲವೂ ದೂರದ ವರ್ಗಕ್ಕೆ ವಿಲೋಮವಾಗಿವೆ ಎಂದು ತೋರಿಸಿದ. ದೂರ ಎರಡು ಪಟ್ಟಾದರೆ ಎರಡು ಬಲಗಳೂ ಕಾಲು ಭಾಗ. ಇಷ್ಟು ಹೋಲಿಕೆ ಇದ್ದರೂ ಒಂದು ತೊಡಕು ಉಳಿಯಿತು. ಧನಾವೇಶವನ್ನು ಋಣಾವೇಶದಿಂದ ಬೇರೆ ಮಾಡಬಹುದು. ಉತ್ತರ ಧ್ರುವವನ್ನು ದಕ್ಷಿಣ ಧ್ರುವದಿಂದ ಬಿಡಿಸಲು ಬರುವುದಿಲ್ಲ. ಆಯಸ್ಕಾಂತವನ್ನು ಮುರಿದರೆ ಎರಡು ಪುಟ್ಟ ಆಯಸ್ಕಾಂತ ಸಿಗುತ್ತವೆ, ಅಷ್ಟೇ. ಒಂಟಿ ಧ್ರುವ ಇರಲು ಸಾಧ್ಯ ಎಂದು ಡಿರಾಕ್ 1931ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಅಂದಿನಿಂದ ಹುಡುಕುತ್ತಲೇ ಇದ್ದಾರೆ, ಸಿಕ್ಕಿಲ್ಲ.

1820ರಲ್ಲಿ ಕೋಪನ್‌ಹೇಗನ್ನಿನ ಓರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡು ಜುಲೈ 21ರಂದು ಪ್ರಕಟಿಸಿದ. ಮುಳ್ಳು ಹೊರಳಿದ್ದಕ್ಕಿಂತ ಅದು ಹೊರಳಿದ ಬಗೆ ಮುಖ್ಯ. ತಂತಿ ಅದನ್ನು ತನ್ನ ಕಡೆ ಎಳೆದುಕೊಳ್ಳಲಿಲ್ಲ, ದೂರ ತಳ್ಳಲೂ ಇಲ್ಲ, ಅಡ್ಡಕ್ಕೆ ತಿರುಗಿಸಿತು. ಅಲ್ಲಿಯವರೆಗೆ ಗೊತ್ತಿದ್ದ ಬಲಗಳೆಲ್ಲ, ನ್ಯೂಟನ್ನನ ಗುರುತ್ವವೂ ಸೇರಿ, ಎರಡು ವಸ್ತುಗಳನ್ನು ಸೇರಿಸುವ ಗೆರೆಯ ಮೇಲೆಯೇ ಕೆಲಸ ಮಾಡುತ್ತಿದ್ದವು. ನಿನ್ನ ಕ್ಲಾಸಿನಲ್ಲಿ ಎಡಗೈ ನಿಯಮ, ಬಲಗೈ ಹೆಬ್ಬೆರಳಿನ ನಿಯಮ ಅಂತ ಬೆರಳು ತಿರುಚಿ ಒದ್ದಾಡುತ್ತೀರಲ್ಲ, ಅದರ ಮೂಲ ಇಲ್ಲಿದೆ. ವಿದ್ಯುತ್ ಕ್ಷೇತ್ರ ನಿಂತ ಆವೇಶವನ್ನೂ ತಳ್ಳುತ್ತದೆ, ಓಡುವುದನ್ನೂ ತಳ್ಳುತ್ತದೆ. ಕಾಂತಕ್ಷೇತ್ರ ನಿಂತ ಆವೇಶವನ್ನು ಮುಟ್ಟುವುದೇ ಇಲ್ಲ. ಓಡುವುದನ್ನು ಅಡ್ಡದಿಂದ ತಳ್ಳಿ ದಾರಿ ಬಾಗಿಸುತ್ತದೆ, ವೇಗವನ್ನು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಮಾಡುವುದಿಲ್ಲ.

ಸುದ್ದಿ ಪ್ಯಾರಿಸ್ಸಿಗೆ ಮುಟ್ಟಿದ್ದೇ ತಡ, ಆಂಪಿಯರ್ ಕೆಲವೇ ವಾರಗಳಲ್ಲಿ ಆಯಸ್ಕಾಂತವನ್ನೇ ಪಕ್ಕಕ್ಕಿಟ್ಟು, ಕರೆಂಟು ಹರಿಯುವ ಎರಡು ತಂತಿಗಳೇ ಒಂದನ್ನೊಂದು ಎಳೆಯುತ್ತವೆ, ತಳ್ಳುತ್ತವೆ ಎಂದು ತೋರಿಸಿದ. ಒಂದೇ ದಿಕ್ಕಿನ ಕರೆಂಟಾದರೆ ಹತ್ತಿರ, ವಿರುದ್ಧ ದಿಕ್ಕಿನದಾದರೆ ದೂರ. ಪೆನ್ಸಿಲು ಹಿಡಿದುಕೋ, ನಿನ್ನ ಪ್ರಶ್ನೆಯ ಲೆಕ್ಕ ಈ ಎರಡು ತಂತಿಗಳಲ್ಲೇ ಇದೆ.

ಒಂದು ಚದರ ಮಿಲಿಮೀಟರ್ ದಪ್ಪದ, ಮನೆಯ ವೈರಿಂಗಿಗೆ ಹಾಕುವಂಥ ತಾಮ್ರದ ತಂತಿ ತೆಗೆದುಕೋ. ಅದರ ಒಂದು ಮೀಟರಿನಲ್ಲಿ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳು ಸುಮಾರು 8.5×10²². ಒಂದೊಂದರ ಆವೇಶ 1.6×10⁻¹⁹ ಕೂಲಂಬ್. ಗುಣಿಸು. ಒಂದು ಮೀಟರ್ ತಂತಿಯಲ್ಲಿ 13,600 ಕೂಲಂಬಿನಷ್ಟು ಓಡಬಲ್ಲ ಆವೇಶ ಇದೆ. ಈ ತಂತಿಯಲ್ಲಿ ಒಂದು ಆಂಪಿಯರ್ ಹರಿಸಿದರೆ ಸೆಕೆಂಡಿಗೆ ಒಂದು ಕೂಲಂಬ್ ದಾಟುತ್ತದೆ. ಅಂದರೆ ಎಲೆಕ್ಟ್ರಾನುಗಳ ಸಾಲು ಒಂದು ಮೀಟರ್ ಮುಂದೆ ಸರಿಯಲು 13,600 ಸೆಕೆಂಡು, ಮೂರುಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 0.0735 ಮಿಲಿಮೀಟರ್. ಸ್ವಿಚ್ ಹಾಕಿದ ಕೂಡಲೇ ಬಲ್ಬು ಹತ್ತುವುದು ತಳ್ಳುವ ಕ್ಷೇತ್ರ ತಂತಿಗುಂಟ ಬೆಳಕಿನ ವೇಗದ ಆಸುಪಾಸಿನಲ್ಲಿ ಹಬ್ಬುವುದರಿಂದ. ಎಲೆಕ್ಟ್ರಾನುಗಳು ಮಾತ್ರ ಇಷ್ಟು ನಿಧಾನ.

ಇಂಥ ಎರಡು ತಂತಿಗಳನ್ನು ಒಂದು ಮೀಟರ್ ಅಂತರದಲ್ಲಿಟ್ಟು ಎರಡರಲ್ಲೂ ಒಂದೊಂದು ಆಂಪಿಯರ್ ಹರಿಸಿದರೆ, ಮೀಟರ್ ಉದ್ದಕ್ಕೆ ಕಾಂತಬಲ 2×10⁻⁷ ನ್ಯೂಟನ್. ಈ ಸಂಖ್ಯೆ ನಿನಗೆ ಗೊತ್ತಿರಬೇಕು. 1948ರಿಂದ 2019ರ ಮೇ ತನಕ ಆಂಪಿಯರಿನ ವ್ಯಾಖ್ಯೆಯೇ ಇದಾಗಿತ್ತು. ಒಂದು ಗ್ರಾಮಿನ ಐವತ್ತು ಸಾವಿರದಲ್ಲೊಂದು ಪಾಲಿನ ತೂಕ ಅದು. ಈಗ ತಾಮ್ರದ ಧನ ಅಯಾನುಗಳೆಲ್ಲ ಮಾಯವಾಗಿ ಎರಡೂ ತಂತಿಗಳಲ್ಲಿ ಓಡುವ ಎಲೆಕ್ಟ್ರಾನುಗಳು ಮಾತ್ರ ಉಳಿದಿವೆ ಎಂದುಕೊಂಡು ವಿದ್ಯುತ್ ವಿಕರ್ಷಣೆಯನ್ನು ಲೆಕ್ಕ ಹಾಕು. ಮೀಟರಿಗೆ 3.3×10¹⁸ ನ್ಯೂಟನ್ ಬರುತ್ತದೆ. ಮೂರು ಕೋಟಿ ಕೋಟಿ ಟನ್ನಿಗೂ ಮಿಗಿಲಾದ ತೂಕ.

ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 6×10⁻²⁶. ಇಲ್ಲಿ ಪೆನ್ಸಿಲು ಕೆಳಗಿಡಬೇಡ. ಸೆಕೆಂಡಿಗೆ 0.0735 ಮಿಲಿಮೀಟರನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡು. ಅದೇ 6×10⁻²⁶. ಇದು ಕಾಕತಾಳೀಯ ಅಲ್ಲ. ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಓಡುವ ಎರಡು ಆವೇಶಗಳ ನಡುವಿನ ಕಾಂತಬಲ, ಅವುಗಳ ವಿದ್ಯುತ್ ಬಲದ ಎಷ್ಟು ಪಾಲು ಎಂದು ಕೇಳಿದರೆ ಉತ್ತರ ಇಷ್ಟೇ: ಎರಡರ ವೇಗಗಳನ್ನು ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು. ನಿಂತಿದ್ದರೆ ಸೊನ್ನೆ. ನಿಧಾನವಾಗಿದ್ದರೆ ಲೆಕ್ಕಕ್ಕೇ ಬಾರದಷ್ಟು. ಬೆಳಕಿನ ವೇಗವನ್ನು ಸಮೀಪಿಸಿದ ಹಾಗೆ ಕಾಂತಬಲವೂ ವಿದ್ಯುತ್ ಬಲವನ್ನು ಸಮೀಪಿಸುತ್ತದೆ, ಎಂದೂ ಮೀರುವುದಿಲ್ಲ. ಈ ಲೆಕ್ಕವನ್ನು ನಿನ್ನ ಕೈಯಾರೆ ಒಮ್ಮೆ ಮಾಡು. ನಾನು ಹೇಳಿದೆ ಅಂತ ಒಪ್ಪಿಕೊಳ್ಳಬೇಡ. ಎರಡು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಸಂಖ್ಯೆಗೆ ಬಂದು ನಿಂತಾಗ ಆಗುವ ಸಂತೋಷವನ್ನು ಇನ್ನೊಬ್ಬರು ಕೈಗೆತ್ತಿ ಕೊಡಲಾಗುವುದಿಲ್ಲ.

"ಹಾಗಾದರೆ ಅಷ್ಟು ಪುಟ್ಟ ಬಲ ನಮಗೆ ಕಾಣುವುದಾದರೂ ಹೇಗೆ?" ಎಂದು ನೀನು ಕೇಳಬೇಕು. ಕೇಳಿದ್ದೀಯ ಎಂದುಕೊಳ್ಳುತ್ತೇನೆ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಬೆಟ್ಟದಂಥ ಭಾರ ಸರಿಸಮನಾಗಿ ಕೂತಿದ್ದರೆ, ಒಂದು ತಟ್ಟೆಗೆ ಬಿದ್ದ ಸಾಸಿವೆ ಕಾಳೂ ಮುಳ್ಳನ್ನು ವಾಲಿಸುತ್ತದೆ. ತಂತಿಯಲ್ಲಿ ಎಲೆಕ್ಟ್ರಾನುಗಳಷ್ಟೇ ಧನ ಅಯಾನುಗಳ ಆವೇಶವೂ ಇದೆ; ಮಹಾಬಲವೆರಡೂ ಪರಸ್ಪರ ವಜಾ ಆಗಿ, ವಜಾ ಆಗದೆ ಉಳಿದ ಕಾಂತಬಲ ಕಣ್ಣಿಗೆ ಬೀಳುತ್ತದೆ. ಈ ಸಮತೋಲ ಎಷ್ಟು ಕರಾರುವಾಕ್ಕು ಎಂದರೆ, ಪ್ರೋಟಾನ್ ಮತ್ತು ಎಲೆಕ್ಟ್ರಾನಿನ ಆವೇಶಗಳ ಗಾತ್ರ 10²⁰ರಲ್ಲಿ ಒಂದು ಭಾಗದಷ್ಟೂ ಬೇರೆಯಿಲ್ಲ ಎಂಬುದು ಪ್ರಯೋಗದಿಂದ ಗೊತ್ತಾಗಿದೆ. ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಫೈನ್‌ಮನ್ ತಮ್ಮ ಉಪನ್ಯಾಸಗಳ ಎರಡನೆಯ ಸಂಪುಟದ ಆರಂಭದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ: ಒಂದು ತೋಳಿನ ಅಂತರದಲ್ಲಿ ನಿಂತ ಇಬ್ಬರ ಮೈಯಲ್ಲಿ ಪ್ರೋಟಾನುಗಳಿಗಿಂತ ಶೇಕಡಾ ಒಂದರಷ್ಟು ಎಲೆಕ್ಟ್ರಾನು ಹೆಚ್ಚಿದ್ದರೆ, ಅವರ ನಡುವಿನ ವಿಕರ್ಷಣೆ ಇಡೀ ಭೂಮಿಯಷ್ಟು ತೂಕವನ್ನು ಎತ್ತಬಲ್ಲದು.

ಈ ಎರಡು ಬಲಗಳನ್ನು ನಿಜವಾಗಿ ತೂಗಿ ನೋಡಿದವರ ಕತೆ ನಿನ್ನ ಪುಸ್ತಕದಲ್ಲಿಲ್ಲ. ಇರಬೇಕಿತ್ತು. ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವಿಲ್ಹೆಲ್ಮ್ ವೆಬರ್ ಎಂಬ ಪ್ರಾಧ್ಯಾಪಕರಿದ್ದರು. ದೊರೆ ಸಂವಿಧಾನವನ್ನು ರದ್ದು ಮಾಡಿದ್ದನ್ನು ಪ್ರತಿಭಟಿಸಿ 1837ರಲ್ಲಿ ಕೆಲಸ ಕಳೆದುಕೊಂಡ ಏಳು ಪ್ರಾಧ್ಯಾಪಕರಲ್ಲಿ ಅವರೂ ಒಬ್ಬರು. ವರ್ಷಗಳ ಮೇಲೆ ಅದೇ ಊರಿಗೆ ಮರಳಿದರು. ಅವರೂ ರುಡಾಲ್ಫ್ ಕೋಲ್ರಾಶ್ ಎಂಬ ಸಹೋದ್ಯೋಗಿಯೂ ಸೇರಿ ಮಾಡಿದ ಅಳತೆಯ ಉಪಾಯ ಸರಳ, ಕೆಲಸ ಕಠಿಣ. ಲೇಡನ್ ಜಾಡಿಯಲ್ಲಿ, ಅಂದರೆ ಆ ಕಾಲದ ಕೆಪಾಸಿಟರಿನಲ್ಲಿ, ಆವೇಶ ತುಂಬುವುದು. ಆ ಆವೇಶದ ಗೊತ್ತಾದ ಒಂದು ಪಾಲನ್ನು ತೆಗೆದು, ನಿಂತಲ್ಲೇ ಅದು ಎಷ್ಟು ತಳ್ಳುತ್ತದೆ ಎಂದು ಕೂಲಂಬನ ಮಾದರಿಯ ಉಪಕರಣದಲ್ಲಿ ಅಳೆಯುವುದು. ಉಳಿದದ್ದನ್ನು ಸುರುಳಿಯೊಂದರ ಮೂಲಕ ಹರಿಯಬಿಟ್ಟು, ಓಡುವಾಗ ಅದು ಕಾಂತದ ಮುಳ್ಳನ್ನು ಎಷ್ಟು ಒದೆಯುತ್ತದೆ ಎಂದು ಅಳೆಯುವುದು. ಒಂದೇ ಆವೇಶ, ನಿಂತಾಗಿನ ಬಲಕ್ಕೆ ಒಂದು ಮಾನ, ಓಡುವಾಗಿನ ಬಲಕ್ಕೆ ಇನ್ನೊಂದು ಮಾನ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವುದು ಬರೀ ಅಂಕಿಯಲ್ಲ, ಒಂದು ವೇಗ. 1856ರಲ್ಲಿ ಅವರು ಪ್ರಕಟಿಸಿದ ಬೆಲೆ ಸೆಕೆಂಡಿಗೆ ಸುಮಾರು 3,10,000 ಕಿಲೋಮೀಟರ್.

ಅದಕ್ಕೆ ಕೆಲವು ವರ್ಷ ಮುಂಚೆ, 1849ರಲ್ಲಿ, ಫ್ರಾನ್ಸಿನ ಫಿಜೋ ಹಲ್ಲುಚಕ್ರವನ್ನು ವೇಗವಾಗಿ ತಿರುಗಿಸಿ ಬೆಳಕಿನ ವೇಗವನ್ನು ಅಳೆದಿದ್ದ. ಅವನ ಸಂಖ್ಯೆಯೂ ಇದರ ಪಕ್ಕದಲ್ಲೇ ಇತ್ತು. ಜಾಡಿ, ಸುರುಳಿ, ಮುಳ್ಳು ಇಟ್ಟುಕೊಂಡು ಅಳೆದವರ ಕೋಣೆಯಲ್ಲಿ ಬೆಳಕಿನ ಮಾತೇ ಇರಲಿಲ್ಲ. ಆದರೂ ಬೆಳಕಿನ ವೇಗ ಬಂತು. ಇದರ ಅರ್ಥವನ್ನು ಪೂರ್ತಿ ಹಿಡಿದವರು ಮ್ಯಾಕ್ಸ್‌ವೆಲ್. 1861-62ರ ಲೇಖನಗಳಲ್ಲಿ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು, ಬೆಳಕು ವಿದ್ಯುತ್ತು ಮತ್ತು ಕಾಂತತ್ವದ ಅಲೆಯೇ ಇರಬೇಕೆಂದು ಕಂಡುಕೊಂಡರು. ಕೋಲ್ರಾಶ್ 1858ರಲ್ಲೇ ತೀರಿಕೊಂಡಿದ್ದರು, ತಮ್ಮ ಅಳತೆ ಎಲ್ಲಿಗೆ ಮುಟ್ಟಿತೆಂದು ನೋಡಲಿಲ್ಲ. ನನಗೆ ಇಡೀ ಭೌತಶಾಸ್ತ್ರದಲ್ಲಿ ತುಂಬ ಪ್ರೀತಿಯ ಪ್ರಯೋಗ ಇದು. ಕಷ್ಟಪಟ್ಟು, ಪ್ರಾಮಾಣಿಕವಾಗಿ ಮಾಡಿದ ಒಂದು ಅಳತೆ ಮಾಡಿದವರ ಊಹೆಗೂ ಮೀರಿದ್ದನ್ನು ಹೇಳಬಲ್ಲದು ಎಂದು ಇದನ್ನು ಓದಿದಾಗೆಲ್ಲ ಅನ್ನಿಸುತ್ತದೆ. ಲ್ಯಾಬಿನಲ್ಲಿ ರೀಡಿಂಗ್ ಸರಿ ಬರದಿದ್ದಾಗ ಪಕ್ಕದವನ ರೆಕಾರ್ಡು ನೋಡಿ ಬರೆಯುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡ. ಬಂದ ರೀಡಿಂಗನ್ನೇ ಬರೆ.

ಬೆಳಕಿನ ವೇಗ ಈ ಲೆಕ್ಕದೊಳಗೆ ಯಾಕೆ ಬಂತು ಎಂಬುದಕ್ಕೆ ಬೇರೊಂದು ದಿಕ್ಕಿನಿಂದ ಬೆಳಕು ಬಿದ್ದದ್ದು 1905ರಲ್ಲಿ. ಐನ್‌ಸ್ಟೈನರ ಸಾಪೇಕ್ಷತೆಯ ಲೇಖನ ಶುರುವಾಗುವುದು ರೈಲಿನಿಂದಲೂ ಅಲ್ಲ, ಗಡಿಯಾರದಿಂದಲೂ ಅಲ್ಲ. ಒಂದು ಆಯಸ್ಕಾಂತ ಮತ್ತು ಒಂದು ವಾಹಕದಿಂದ. ಆಯಸ್ಕಾಂತ ನಿಂತು ಸುರುಳಿ ಸರಿದರೂ, ಸುರುಳಿ ನಿಂತು ಆಯಸ್ಕಾಂತ ಸರಿದರೂ ಹುಟ್ಟುವ ಕರೆಂಟು ಒಂದೇ. ಆದರೆ ಅಂದಿನ ಪುಸ್ತಕಗಳು ಒಂದಕ್ಕೆ ಕಾಂತಬಲ ಕಾರಣ, ಇನ್ನೊಂದಕ್ಕೆ ವಿದ್ಯುತ್ ಕ್ಷೇತ್ರ ಕಾರಣ ಎನ್ನುತ್ತಿದ್ದವು. ಈ ಭೇದ ವಸ್ತುಗಳಲ್ಲಿಲ್ಲ, ನೋಡುವವರು ನಿಂತ ಜಾಗದಲ್ಲಿದೆ ಎಂದು ಅವರು ತೋರಿಸಿದರು. ನಮ್ಮ ತಂತಿಗಳ ವಿಷಯವೂ ಹಾಗೇ. ಓಡುವ ಎಲೆಕ್ಟ್ರಾನಿನ ಜೊತೆಯಲ್ಲೇ ಸರಿಯುತ್ತ ಎದುರಿನ ತಂತಿಯನ್ನು ನೋಡಿದರೆ, ಅಲ್ಲಿ ಹಿಂದಕ್ಕೆ ಸರಿಯುತ್ತಿರುವವು ಧನ ಅಯಾನುಗಳು. ಚಲಿಸುವ ಸಾಲಿನ ಉದ್ದ ಕುಗ್ಗುವುದರಿಂದ ಅವು ಒಂದಿಷ್ಟು ಒತ್ತೊತ್ತಾಗಿ, ತಂತಿಗೆ ಕಿಂಚಿತ್ ಧನಾವೇಶ ಬಂದಂತಾಗಿ, ಎಲೆಕ್ಟ್ರಾನನ್ನು ಎಳೆಯುತ್ತದೆ. ನಾವು ಕಾಂತಬಲ ಎಂದದ್ದನ್ನೇ ಆ ಎಲೆಕ್ಟ್ರಾನು ವಿದ್ಯುತ್ ಬಲ ಎನ್ನುತ್ತದೆ. ಸೆಕೆಂಡಿಗೆ 0.07 ಮಿಲಿಮೀಟರ್ ವೇಗಕ್ಕೆ ಎಂಥ ಕುಗ್ಗುವಿಕೆ ಎಂದು ಅಚ್ಚರಿಯಾಗಬಹುದು. ಆದರೆ ಆ 10⁻²⁶ರ ಮಟ್ಟದ ಪಾಲು ಗುಣಿಸುತ್ತಿರುವುದು ಕೋಟಿ ಕೋಟಿ ಟನ್ನಿನ ಬಲವನ್ನು. ಸಾಪೇಕ್ಷತೆ ನೋಡಲು ರಾಕೆಟ್ಟಿನಲ್ಲಿ ಹೋಗಬೇಕಾಗಿಲ್ಲ, ಎರಡು ತಂತಿ ಸಾಕು. ಡಿಗ್ರಿಗೆ ಹೋದ ಮೇಲೆ ಎಡ್ವರ್ಡ್ ಪರ್ಸೆಲ್ ಅವರ ವಿದ್ಯುತ್ ಮತ್ತು ಕಾಂತತ್ವದ ಪುಸ್ತಕವನ್ನು ಲೈಬ್ರರಿಯಲ್ಲಿ ಹುಡುಕು. 1965ರದು. ಈ ದಾರಿಯಲ್ಲೇ ಕೈಹಿಡಿದು ನಡೆಸುತ್ತದೆ.

ಇಲ್ಲಿ ಒಂದು ಎಚ್ಚರ ಹೇಳಬೇಕು. ಇದನ್ನು ಕೇಳಿದ ಜಾಣ ಹುಡುಗರು "ಹಾಗಾದರೆ ಕಾಂತಬಲ ಎಂಬುದೇ ಇಲ್ಲ, ಎಲ್ಲ ವಿದ್ಯುತ್ ಬಲವೇ" ಎಂದುಬಿಡುತ್ತಾರೆ. ಅದು ಅತಿಯಾಯಿತು. ಒಂದೆಡೆ ಬರೀ ಕಾಂತಕ್ಷೇತ್ರ ಇದ್ದರೆ, ನೀನು ಎಷ್ಟೇ ವೇಗದಲ್ಲಿ ಓಡಿ ನೋಡಿದರೂ ಅದು ಬರೀ ವಿದ್ಯುತ್ ಕ್ಷೇತ್ರವಾಗಿ ಕಾಣಿಸದು. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ, ಅದರಿಂದ ಪ್ರತಿಯೊಂದು ಎಲೆಕ್ಟ್ರಾನೂ ಹುಟ್ಟಾ ಒಂದು ಪುಟ್ಟ ಆಯಸ್ಕಾಂತ. ಫ್ರಿಜ್ಜಿನ ಬಾಗಿಲಲ್ಲಿರುವುದರ ಶಕ್ತಿ ಮುಖ್ಯವಾಗಿ ಬರುವುದು ಅಲ್ಲಿಂದ. ಇನ್ನೂ ಸ್ವಾರಸ್ಯ ಕೇಳು. ಕಬ್ಬಿಣದೊಳಗಿನ ಈ ಪುಟ್ಟ ಆಯಸ್ಕಾಂತಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದು ಅವುಗಳ ನಡುವಿನ ಕಾಂತಬಲದಿಂದಲ್ಲ. ಆ ಬಲ ತೀರಾ ಸಣ್ಣದು. ಅದೊಂದನ್ನೇ ನಂಬಿದ್ದರೆ ಶೂನ್ಯ ಕೆಲ್ವಿನ್ನಿಗಿಂತ ಒಂದು ಡಿಗ್ರಿಯಷ್ಟು ಮೇಲೇರಿದರೂ ಶಾಖದ ಅಲುಗಾಟಕ್ಕೆ ಸಾಲು ಚದುರಿಹೋಗುತ್ತಿತ್ತು. ಕಬ್ಬಿಣ ಕಾಂತತ್ವ ಕಳೆದುಕೊಳ್ಳುವುದು 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅಷ್ಟು ಬಿಸಿಯವರೆಗೂ ಸಾಲು ಕೆಡದಂತೆ ಹಿಡಿದಿಡುವುದು ಎಲೆಕ್ಟ್ರಾನುಗಳ ನಡುವಿನ ವಿದ್ಯುತ್ ವಿಕರ್ಷಣೆ, ಕ್ವಾಂಟಂ ನಿಯಮಗಳ ಜೊತೆ ಸೇರಿ. ಇದನ್ನು 1928ರಲ್ಲಿ ವಿವರಿಸಿದವರು ಹೈಸೆನ್‌ಬರ್ಗ್. ಆಯಸ್ಕಾಂತವನ್ನು ಆಯಸ್ಕಾಂತವಾಗಿ ಉಳಿಸಿರುವುದೇ ವಿದ್ಯುತ್ ಬಲ.

ಪರಮಾಣುವಿನೊಳಗೆ ಎರಡರ ಅಳತೆ ಎಷ್ಟೆಂದು ಕಣ್ಣಾರೆ ನೋಡಬೇಕೆಂದಿದ್ದರೆ ಬಿ.ಎಸ್ಸಿ. ಲ್ಯಾಬಿನ ಸೋಡಿಯಂ ದೀಪ ಸಾಕು. ಅದರ ಹಳದಿ ಗೆರೆ ಒಳ್ಳೆಯ ಸ್ಪೆಕ್ಟ್ರೋಮೀಟರಿನಲ್ಲಿ ಎರಡಾಗಿ ಕಾಣುತ್ತದೆ, 589.0 ಮತ್ತು 589.6 ನ್ಯಾನೋಮೀಟರ್. ಹಳದಿ ಬಣ್ಣ ಬಂದದ್ದು ವಿದ್ಯುತ್ ಬಲದಿಂದ, ಆ 0.6ರ ಬಿರುಕು ಕಾಂತೀಯ ಪರಿಣಾಮದಿಂದ. ಸಾವಿರಕ್ಕೆ ಒಂದು ಪಾಲು.

ಇಷ್ಟೆಲ್ಲ ಕೇಳಿ ವಿದ್ಯುತ್ ಬಲವೇ ಗೆದ್ದಿತೆಂದು ಪುಸ್ತಕ ಮುಚ್ಚಬೇಡ. ನಿಮ್ಮಪ್ಪನ ಅಡಿಕೆ ತೋಟದ ಪಂಪ್‌ಸೆಟ್ ಹತ್ತಿರ ಹೋಗು. ಅಷ್ಟು ಬಲಶಾಲಿಯಾದ ವಿದ್ಯುತ್ ಬಲವನ್ನು ಬಿಟ್ಟು, ಮೋಟಾರನ್ನು ತಿರುಗಿಸುವ ಕೆಲಸವನ್ನು ನಾವು ಕಾಂತಬಲಕ್ಕೆ ಯಾಕೆ ವಹಿಸಿದ್ದೇವೆ? ಲೆಕ್ಕ ಇಲ್ಲೂ ಚಿಕ್ಕದೇ. ಗಾಳಿಯಲ್ಲಿ ವಿದ್ಯುತ್ ಕ್ಷೇತ್ರವನ್ನು ಏರಿಸುತ್ತ ಹೋದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿಗೆ ಗಾಳಿಯೇ ಸೀಳಿ ಕಿಡಿ ಹಾರುತ್ತದೆ. ಆ ಮಿತಿಯ ಕ್ಷೇತ್ರ ಲೋಹದ ಮೇಲ್ಮೈಯನ್ನು ಎಳೆಯುವ ಬಲ ಚದರ ಮೀಟರಿಗೆ 40 ನ್ಯೂಟನ್, ನಾಲ್ಕು ಕಿಲೋ ತೂಕದಷ್ಟು. ಕಾಂತಕ್ಷೇತ್ರಕ್ಕೆ ಗಾಳಿಯಲ್ಲಿ ಅಂಥ ಮಿತಿಯಿಲ್ಲ. ಕಬ್ಬಿಣದ ಗರ್ಭ, ಸುತ್ತ ತಾಮ್ರದ ಸುರುಳಿ ಇದ್ದರೆ ಒಂದು ಟೆಸ್ಲಾ ಸಲೀಸಾಗಿ ಸಿಗುತ್ತದೆ, ಅದರ ಎಳೆತ ಚದರ ಮೀಟರಿಗೆ ಸುಮಾರು 40 ಟನ್. ಹತ್ತು ಸಾವಿರ ಪಟ್ಟು! ಪ್ರಕೃತಿಯಲ್ಲಿ ಎಳ್ಳಿನಷ್ಟಿದ್ದದ್ದು ನಮ್ಮ ಕೈಗೆ ಬಂದಾಗ ಆನೆಬಲ ಆಯಿತು, ಯಾಕೆಂದರೆ ಎಲೆಕ್ಟ್ರಾನುಗಳನ್ನು ಒಂದು ಕಡೆ ಗುಡ್ಡೆ ಹಾಕಲು ಹೋದರೆ ಅವು ಬಿಡುವುದಿಲ್ಲ, ಆದರೆ ಅಯಾನುಗಳ ಜೊತೆಯಲ್ಲೇ ಇಟ್ಟು ಎಷ್ಟು ಬೇಕಾದರೂ ಹರಿಸಬಹುದು. 1902ರಲ್ಲಿ ಶಿವನಸಮುದ್ರದ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಇದೇ ಕಾಂತಬಲದ ಜನರೇಟರುಗಳಿಂದ.

ಆದರೂ ಆ ಮೋಟಾರಿನಲ್ಲಿ ವಿದ್ಯುತ್ ಬಲಕ್ಕೆ ಕೆಲಸವಿಲ್ಲ ಎಂದಲ್ಲ. ಎಲೆಕ್ಟ್ರಾನುಗಳನ್ನು ವೈಂಡಿಂಗಿನೊಳಗೆ ತಳ್ಳುವುದು ಅದು. ಕಾಂತಬಲ ಆವೇಶದ ಮೇಲೆ ಕೆಲಸ ಮಾಡುವುದಿಲ್ಲ ಎಂದು ಪುಸ್ತಕ ಹೇಳುತ್ತದೆ, ಮೋಟಾರು ನೀರೆತ್ತುತ್ತದೆ. ಹಾಗಾದರೆ ಕೆಲಸ ಮಾಡಿದ್ದು ಯಾರು ಎಂದು ಮಕ್ಕಳು ಕೇಳಿದಾಗ ನನಗೆ ಖುಷಿಯಾಗುತ್ತಿತ್ತು. ಕಾಂತಬಲ ಎಲೆಕ್ಟ್ರಾನನ್ನು ಅಡ್ಡ ತಳ್ಳುತ್ತದೆ. ತಾಮ್ರ ಬಿಟ್ಟು ಹೊರಬರದಂತೆ ಎಲೆಕ್ಟ್ರಾನನ್ನು ಹಿಡಿದಿರುವುದು ವಿದ್ಯುತ್ ಬಲ, ಹಾಗಾಗಿ ತಾಮ್ರವೇ ಸರಿಯುತ್ತದೆ. ಶಕ್ತಿ ಬರುವುದು ಲೈನಿನಿಂದ, ಮೀಟರಿನಲ್ಲಿ ಓಡುವ ಯೂನಿಟ್ಟಾಗಿ. ಮುಂದಿನ ಸಲ ಲೋ ವೋಲ್ಟೇಜಿನಲ್ಲಿ ಮೋಟಾರು ಸುಟ್ಟು ರೀವೈಂಡಿಂಗ್ ಅಂಗಡಿಗೆ ಹೋದರೆ ನೀನೂ ಜೊತೆಗೆ ಹೋಗು. ಬಿಚ್ಚಿದ ಸ್ಟೇಟರಿನ ಒಂದು ಕಡೆಯ ಸುರುಳಿಗಳು ಕಪ್ಪಾಗಿ, ವಾರ್ನಿಷ್ ಸೀದ ಕಟು ವಾಸನೆ ಬರುತ್ತಿರುತ್ತದೆ. ವೋಲ್ಟೇಜು ಕುಸಿದಾಗ ಅದೇ ಭಾರ ಎಳೆಯಲು ಮೋಟಾರು ಹೆಚ್ಚು ಕರೆಂಟು ತೆಗೆದುಕೊಂಡಿತು, ತಾಮ್ರ ಕಾಯಿತು, ವಾರ್ನಿಷ್ ಸುಟ್ಟಿತು, ಸುತ್ತಿನಿಂದ ಸುತ್ತಿಗೆ ಕಿಡಿ ಹಾರಿತು. ಎರಡೂ ಬಲಗಳು ಅಲ್ಲಿ ಏನೇನು ಮಾಡುತ್ತಿದ್ದವೆಂದು ಆ ಸುಟ್ಟ ಸುರುಳಿ ನಿನಗೆ ಪೂರಾ ಪಾಠ ಹೇಳುತ್ತದೆ. ಸುತ್ತುವವರ ಕೈ ನೋಡು, ಸುತ್ತು ಎಣಿಸುವುದನ್ನು ನೋಡು, ಸುಮ್ಮನೆ ನಿಲ್ಲದೆ ಪ್ರಶ್ನೆ ಕೇಳು.

ತೀರಾ ಸಣ್ಣ ಅಂತರಗಳಲ್ಲಿ ಲೆಕ್ಕ ಮತ್ತೆ ತಿರುಗುತ್ತದೆ. ಕೆಲವೇ ಮೈಕ್ರೋಮೀಟರಿನ ಸಂದಿಯಲ್ಲಿ ಗಾಳಿ ಅಷ್ಟು ಬೇಗ ಸೀಳುವುದಿಲ್ಲ, ವಿದ್ಯುತ್ ಬಲವನ್ನೇ ಕೆಲಸಕ್ಕೆ ಹಚ್ಚಬಹುದು. ನಿನ್ನ ಮೊಬೈಲು ಅಡ್ಡ ಹಿಡಿದಾಗ ಪರದೆ ತಿರುಗಿಸುವ ಸಂವೇದಕದೊಳಗೆ ಸಿಲಿಕಾನಿನ ಸೂಕ್ಷ್ಮ ಹಲ್ಲುಗಳಿವೆ, ಅವುಗಳ ನಡುವಿನ ಕೆಪಾಸಿಟೆನ್ಸ್ ಬದಲಾಗುವುದರಿಂದ ವಾಲಿದ್ದು ಗೊತ್ತಾಗುತ್ತದೆ. ಅದೇ ಫೋನಿನ ಸ್ಪೀಕರು ಆಯಸ್ಕಾಂತದ್ದು. ಇನ್ನೊಂದು ತುದಿಗೆ, ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ ವೇಗವರ್ಧಕ ನೋಡು. ಬೆಳಕಿನ ವೇಗದ ಹತ್ತಿರ ಓಡುವ ಪ್ರೋಟಾನುಗಳನ್ನು ಬಾಗಿಸಲು ಅಲ್ಲಿ 8.3 ಟೆಸ್ಲಾದವರೆಗಿನ 1,232 ಆಯಸ್ಕಾಂತಗಳಿವೆ. ಅಷ್ಟೇ ಬಾಗು ವಿದ್ಯುತ್ ಕ್ಷೇತ್ರದಿಂದ ಬೇಕೆಂದರೆ ಮೀಟರಿಗೆ 250 ಕೋಟಿ ವೋಲ್ಟ್ ಬೇಕು, ಅದನ್ನು ಕಟ್ಟಲು ಯಾರಿಂದಲೂ ಆಗದು. ಪ್ರೋಟಾನಿನ ವೇಗ ಹೆಚ್ಚಿಸಲು ಮಾತ್ರ ಅಲ್ಲೂ ವಿದ್ಯುತ್ ಕ್ಷೇತ್ರವೇ ಗತಿ.

ಇನ್ನು ಒಂದು ಮನೆಯ ಮಾತು. ಊರೂರಿಗೆ ಬಂದು ಆಯಸ್ಕಾಂತದ ಹಾಸಿಗೆ, ಬಳೆ, ನೀರಿನ ಕೊಳವೆಗೆ ಕಟ್ಟುವ ಆಯಸ್ಕಾಂತ ಮಾರುತ್ತಾರೆ. ರಕ್ತದಲ್ಲಿ ಕಬ್ಬಿಣ ಇದೆ, ಆಯಸ್ಕಾಂತ ಅದನ್ನು ಎಳೆದು ರಕ್ತಸಂಚಾರ ಚುರುಕು ಮಾಡುತ್ತದೆ ಎನ್ನುತ್ತಾರೆ. ನಿಮ್ಮಜ್ಜಿಯ ಮಂಡಿನೋವು ನಿಜ, ಅವರ ಆಸೆಯೂ ನಿಜ. ಅವರ ಪಕ್ಕ ಕೂತು ಸಮಾಧಾನದಿಂದ ಹೇಳು: ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದ ಹಾಗೆ ನಡೆದುಕೊಳ್ಳುವುದಿಲ್ಲ, ಆಮ್ಲಜನಕ ಹೊತ್ತ ರಕ್ತವನ್ನು ಆಯಸ್ಕಾಂತ ಅತಿ ಕ್ಷೀಣವಾಗಿ ದೂರ ತಳ್ಳುತ್ತದೆ, ಎಳೆಯುವುದೇ ಇಲ್ಲ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ 1.5 ಟೆಸ್ಲಾದೊಳಗೆ ಮಲಗಿದವರ ರಕ್ತವೂ ಎಂದಿನ ಹಾಗೆಯೇ ಹರಿಯುತ್ತದೆ. ಆ ಕೋಣೆಗೆ ಕಬ್ಬಿಣದ ಯಾವ ಸಾಮಾನನ್ನೂ ಒಯ್ಯಬಾರದು ಎಂಬುದನ್ನೂ ಜೊತೆಗೇ ಹೇಳು, ಅಲ್ಲಿನ ಕಾಂತಕ್ಷೇತ್ರ ಯಂತ್ರ ಸುಮ್ಮನಿದ್ದಾಗಲೂ ಇರುತ್ತದೆ. ಬಲದ ಅಳತೆ ಗೊತ್ತಿದ್ದವರು ಇಂಥ ಕಡೆ ಮನೆಯವರನ್ನು ಕಾಯಬೇಕು.

ಭಾನುವಾರ ಬಿಡುವಾದಾಗ ಆಂಪಿಯರನ ಪ್ರಯೋಗವನ್ನು ನೀನೇ ಮಾಡು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನಿಂದ ಅರ್ಧ ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಕತ್ತರಿಸು. ನಾಲ್ಕೈದು ಮಿಲಿಮೀಟರ್ ಅಂತರದಲ್ಲಿ, ಬಿಗಿ ಮಾಡದೆ, ಎರಡೂ ತುದಿ ಹಿಡಿದು ನೇರ ಇಳಿಬಿಡು. ಫ್ಯಾನು ಆರಿಸು. ಮೇಲಿನ ತುದಿಗಳೆರಡನ್ನೂ ಒಂದುಗೂಡಿಸಿ, ಕೆಳಗಿನವನ್ನೂ ಒಂದುಗೂಡಿಸಿ, ದೊಡ್ಡ ಟಾರ್ಚಿನ ಎರಡು ಸೆಲ್ಲನ್ನು ಸಾಲಾಗಿ ಜೋಡಿಸಿ ಮುಟ್ಟಿಸು. ಒಂದು ಸೆಕೆಂಡು ಮಾತ್ರ, ಇಲ್ಲದಿದ್ದರೆ ಸೆಲ್ಲೂ ಫಾಯಿಲೂ ಬಿಸಿಯಾಗುತ್ತವೆ. ಮನೆಯ ಕರೆಂಟು, ಯುಪಿಎಸ್ ಬ್ಯಾಟರಿ, ಮೊಬೈಲ್ ಬ್ಯಾಟರಿ ಇವುಗಳ ಹತ್ತಿರ ಹೋಗಕೂಡದು. ಇದರಲ್ಲಿ ನನ್ನ ಮಾತು ಮೀರಬೇಡ. ಪಟ್ಟಿಗಳು ಒಂದರತ್ತ ಒಂದು ವಾಲುತ್ತವೆ. ಆಮೇಲೆ ಕೆಳಗಿನ ತುದಿಗಳನ್ನಷ್ಟೇ ಕೂಡಿಸಿ, ಮೇಲಿನ ಒಂದು ತುದಿಯಿಂದ ಕರೆಂಟು ಇಳಿದು ಇನ್ನೊಂದರಿಂದ ಏರುವಂತೆ ಮಾಡು. ಈಗ ದೂರ ಸರಿಯುತ್ತವೆ. ಪಟ್ಟಿಯ ತೂಕ, ಅಂತರ, ನಡುವೆ ಎಷ್ಟು ಮಿಲಿಮೀಟರ್ ಸರಿಯಿತು, ಮೂರನ್ನೂ ಅಳೆದು ಹಾಗೇ ಬರೆದು ಕಳಿಸು. ಎಷ್ಟು ಆಂಪಿಯರ್ ಹರಿದಿರಬೇಕೆಂದು ನೀನು ಅಲ್ಲಿಂದ, ನಾನು ಇಲ್ಲಿಂದ ಲೆಕ್ಕ ಹಾಕಿ ತಾಳೆ ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ